ಕಾಲೇಜಿನ ಮೊದಲ ವರ್ಷವೂ ಊರಿನ ಬದುಕೂ

ಪ್ರತಿವರ್ಷವೂ ಮಳೆಗಾಲದ ಆರಂಭದಲ್ಲಿ ನಮ್ಮ ಶಾಲೆಯ ಒಂದು ತಂಡದ ಮಕ್ಕಳು ಹೈಯರ್ ಸೆಕೆಂಡರಿಯನ್ನು ಮುಗಿಸಿ ಕಾಲೇಜಿನ ಮೆಟ್ಟಿಲನ್ನು ಏರುತ್ತಾರೆ. ಕೆಲವರು ಕಾಸರಗೋಡಿನ ವಿದ್ಯಾನಗರಕ್ಕೆ, ಕೆಲವರು ಮಂಜೇಶ್ವರಕ್ಕೆ, ಕೆಲವರು ತಲಪಾಡಿಯ ಗಡಿಯನ್ನು ದಾಟಿ ಮಂಗಳೂರಿಗೆ, ಇನ್ನು ಕೆಲವರು ಕಣ್ಣೂರು, ಕಲ್ಲಿಕೋಟೆಗಳ ಕಡೆಗೆ ಹೋಗುತ್ತಾರೆ. ಯಾವ ವಿಷಯವನ್ನು ಆರಿಸಬೇಕು, ಶುಲ್ಕವೆಷ್ಟು, ಹಾಸ್ಟೆಲು ಸಿಕ್ಕುವುದೋ ಇಲ್ಲವೋ, ಬಸ್ಸಿನ ವೇಳೆ ಯಾವುದು ಎಂಬ ವಿಷಯಗಳನ್ನು ಹೆತ್ತವರೂ ಅಧ್ಯಾಪಕರೂ ಬೇಕಾದಷ್ಟು ವಿಚಾರ ಮಾಡುತ್ತಾರೆ. ಅದು ಯೋಗ್ಯವೇ. ಆದರೆ ಆ ವಿದ್ಯಾರ್ಥಿಯು ಹೋಗಿ ಸೇರುವ ಊರಿಗೂ ಅವನಿಗೂ ಏನು ಸಂಬಂಧ, ಅವನು ಬೆಳಗ್ಗೆ ಬಿಟ್ಟು ಸಂಜೆ ಬಂದು ಮಲಗುವ ತನ್ನ ಹುಟ್ಟೂರಿಗೂ ಅವನಿಗೂ ಏನು ಸಂಬಂಧ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಈ ಲೇಖನದಲ್ಲಿ ನಾವು ಆ ಪ್ರಶ್ನೆಯನ್ನು ಎತ್ತಿಕೊಂಡು, ಮೊದಲ ವರ್ಷದಲ್ಲಿ ವಿದ್ಯಾರ್ಥಿಯು ಮಾಡಬಹುದಾದ ಕೆಲವು ಕೆಲಸಗಳನ್ನು ಪಾಠದ ಕ್ರಮದಲ್ಲಿ ವಿವರಿಸುವೆವು.

೧. ತೊಡಕು ಎಲ್ಲಿದೆ?

ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಯು ಕಾಲೇಜಿಗೆ ಹೋದಾಗ ಅವನಿಗೆ ಏಕಕಾಲದಲ್ಲಿ ಮೂರು ಬದಲಾವಣೆಗಳು ಎದುರಾಗುತ್ತವೆ. ಪಾಠವು ಇಂಗ್ಲಿಷಿನಲ್ಲಿ ನಡೆಯುತ್ತದೆ. ಸಹಪಾಠಿಗಳ ಮಾತು ಬಹುಮಟ್ಟಿಗೆ ಮಲಯಾಳದಲ್ಲಿ ಇರುತ್ತದೆ. ಶಾಲೆಯಲ್ಲಿ ಹೆಸರು ಹಿಡಿದು ಕರೆಯುತ್ತಿದ್ದ ಅಧ್ಯಾಪಕರ ಸ್ಥಾನದಲ್ಲಿ ಗುರುತೇ ಇಲ್ಲದ ಅನೇಕರು ಗಂಟೆಗೊಬ್ಬರಂತೆ ಬಂದು ಹೋಗುತ್ತಾರೆ. ಮೊದಲ ಕೆಲವು ವಾರಗಳಲ್ಲಿ ಅವನು ಮಾತನಾಡಲು ಅಳುಕುತ್ತಾನೆ. ಅಳುಕು ಸ್ವಾಭಾವಿಕ, ಅದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ಆ ಅಳುಕು ಅಭ್ಯಾಸವಾಗಿ ಬಿಟ್ಟರೆ ಅಪಾಯ. ಹಿಂದಿನ ಬೆಂಚಿನಲ್ಲಿ ಕುಳಿತು, ನಾಲ್ಕು ಗಂಟೆಗೆ ಬಸ್ಸು ಹತ್ತಿ, ಮನೆಗೆ ಬಂದು ಮೊಬೈಲನ್ನು ಹಿಡಿದು, ಮರುದಿನ ಪುನಃ ಅದೇ ಬಸ್ಸು ಹತ್ತುವುದು ಎಂಬ ಕ್ರಮವು ಒಂದು ವರ್ಷ ನಡೆಯಿತೆಂದರೆ, ವರ್ಷದ ಕೊನೆಗೆ ಅವನಿಗೆ ಕಾಲೇಜಿನ ಊರೂ ತನ್ನದಾಗಿರುವುದಿಲ್ಲ. ಹುಟ್ಟಿದ ಊರೂ ತನ್ನದಾಗಿ ಉಳಿದಿರುವುದಿಲ್ಲ.

ನಾವು ಅನೇಕ ವರ್ಷಗಳಿಂದ ಗಮನಿಸಿದ ಒಂದು ಸಂಗತಿಯಿದೆ. ಇಂಥ ಮೌನದಿಂದ ಹೊರಗೆ ಬಂದ ಮಕ್ಕಳು ಹೆಚ್ಚಾಗಿ ಯಾವುದಾದರೂ ಒಂದು ವಿಷಯವನ್ನು ಉಳಿದವರಿಗಿಂತ ಚೆನ್ನಾಗಿ ತಿಳಿದವರು. ಒಬ್ಬನಿಗೆ ಚೆಂಡೆ ಗೊತ್ತು. ಒಬ್ಬಳಿಗೆ ತನ್ನ ತೋಟದ ನೀರಿನ ಲೆಕ್ಕ ಗೊತ್ತು. ಇನ್ನೊಬ್ಬನಿಗೆ ಊರಿನ ವಾಚನಾಲಯದಲ್ಲಿ ಸಭೆ ನಡೆಸಿ ಅಭ್ಯಾಸವಿದೆ. ತನ್ನಲ್ಲಿ ಹೇಳಲು ಒಂದು ವಿಷಯವಿದ್ದವನು ಭಾಷೆ ತಡವರಿಸಿದರೂ ಮಾತನಾಡುತ್ತಾನೆ. ವಿಷಯವೇ ಇಲ್ಲದವನಿಗೆ ಭಾಷೆ ಇದ್ದರೂ ಪ್ರಯೋಜನವಿಲ್ಲ. ಆದುದರಿಂದ ಊರಿನ ಬದುಕಿನಲ್ಲಿ ಪಾಲುಗೊಳ್ಳುವುದು ಓದಿಗೆ ಅಡ್ಡಿಯೆಂದು ಎಣಿಸುವುದು ಸರಿಯಲ್ಲ. ಓದಿಗೆ ಬಾಯಿ ಬರುವುದೇ ಅದರಿಂದ.

೨. ನಮ್ಮ ನೆಲದ ಪರಿಚಯ

ಮೊದಲು ನಾವು ನಿಂತಿರುವ ನೆಲವು ಯಾವುದೆಂದು ತಿಳಿಯಬೇಕು. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ, ಅದುವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಮರುವರ್ಷವೇ, ಎಂದರೆ ೧೯೫೭ರಲ್ಲಿ, ಕಾಸರಗೋಡಿನ ಸರಕಾರಿ ಕಾಲೇಜು ಪ್ರಾರಂಭವಾಯಿತು. ೧೯೮೪ರ ಮೇ ೨೪ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಭಾಷೆಗಳನ್ನಾಡುವ ಜನರು ಒಂದೇ ಸಂತೆಯಲ್ಲಿ ಕೂಡುವ ಈ ಪ್ರದೇಶವನ್ನು ಸಪ್ತಭಾಷಾ ಸಂಗಮಭೂಮಿ ಎಂದು ಕರೆಯುವುದು ರೂಢಿ.

ಈ ಹೆಸರನ್ನು ವೇದಿಕೆಯ ಭಾಷಣದಲ್ಲಿ ಉಪಯೋಗಿಸುವುದು ಸುಲಭ. ಅದರ ಅರ್ಥವನ್ನು ಬದುಕಿನಲ್ಲಿ ಕಾಣುವುದು ಸ್ವಲ್ಪ ಶ್ರಮದ ಕೆಲಸ. ಮಂಜೇಶ್ವರದ ಗೋವಿಂದ ಪೈಗಳನ್ನು (೧೮೮೩–೧೯೬೩) ನೋಡಿರಿ. ತಂದೆಯ ಮರಣದ ಕಾರಣದಿಂದ ಅವರು ಬಿ.ಎ. ಪದವಿಯನ್ನು ಪೂರ್ಣಗೊಳಿಸಲಾಗಲಿಲ್ಲ. ಊರಿಗೆ ಮರಳಿ ಅಲ್ಲಿಯೇ ಕುಳಿತು ಅನೇಕ ಭಾಷೆಗಳನ್ನು ಕಲಿತರು, ಕಾವ್ಯ ಬರೆದರು, ಇತಿಹಾಸ ಸಂಶೋಧನೆ ನಡೆಸಿದರು. ೧೯೪೯ರಲ್ಲಿ ಮದರಾಸು ಸರಕಾರವು ಅವರಿಗೆ ರಾಷ್ಟ್ರಕವಿ ಎಂಬ ಬಿರುದನ್ನಿತ್ತಿತು. ಕಯ್ಯಾರ ಕಿಞ್ಞಣ್ಣ ರೈಗಳು (೧೯೧೫–೨೦೧೫) ಅಧ್ಯಾಪಕರಾಗಿ, ಪತ್ರಕರ್ತರಾಗಿ, ಕೃಷಿಕರಾಗಿ, ಕವಿಯಾಗಿ ನೂರು ವರ್ಷ ಬಾಳಿದರು. ೧೯೯೭ರಲ್ಲಿ ಮಂಗಳೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ತಳಂಗರೆಯ ಕವಿ ಟಿ. ಉಬೈದ್ (೧೯೦೮–೧೯೭೨) ಕನ್ನಡ, ಮಲಯಾಳಗಳೆರಡನ್ನೂ ಬಲ್ಲವರು. ಕಾಸರಗೋಡಿನಲ್ಲಿ ಹುಟ್ಟಿ ಕನ್ನಡ ಶಾಲೆಯಲ್ಲಿ ಓದಿದ ಸಾರಾ ಅಬೂಬಕ್ಕರ್ (೧೯೩೬–೨೦೨೩) ಚಂದ್ರಗಿರಿ ಹೊಳೆಯ ದಡದ ಹೆಣ್ಣುಮಕ್ಕಳ ಬದುಕನ್ನೇ ಕಾದಂಬರಿಯಾಗಿ ಕನ್ನಡಕ್ಕೆ ಕೊಟ್ಟರು. ಇವರೆಲ್ಲರೂ ತಮ್ಮ ಸುತ್ತಣ ಹತ್ತು ಹರದಾರಿಯ ನೆಲವನ್ನು ಚೆನ್ನಾಗಿ ತಿಳಿದವರು. ದೂರದವರು ಇವರ ಮಾತನ್ನು ಕೇಳಿದುದೂ ಅದಕ್ಕಾಗಿಯೇ.

೩. ಭಾಷೆಯೆಂಬ ಕೀಲಿಕೈ

ಮೊದಲ ವರ್ಷದ ಮೊದಲ ಕೆಲಸವು ಭಾಷೆಯದು. ಕೇರಳದಲ್ಲಿ ಓದುವ ನಮ್ಮ ಮಕ್ಕಳು ಮಲಯಾಳವನ್ನು ಓದಲು, ಬರೆಯಲು, ತಪ್ಪಿಲ್ಲದೆ ಮಾತನಾಡಲು ಕಲಿಯತಕ್ಕದ್ದು. ಇದರಿಂದ ಕನ್ನಡಕ್ಕೆ ಹಾನಿಯಾದೀತೆಂದು ಭಯಪಡುವ ಹಿರಿಯರಿದ್ದಾರೆ. ಈ ಭಯಕ್ಕೆ ಕಾರಣವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ನೆರೆಯವನ ಭಾಷೆಯನ್ನು ಕಲಿತುದರಿಂದ ಯಾರ ಭಾಷೆಯೂ ಹೋಗುವುದಿಲ್ಲ. ತನ್ನ ಭಾಷೆಯನ್ನು ಉಪಯೋಗಿಸುವುದನ್ನು ಬಿಟ್ಟಾಗ ಮಾತ್ರ ಹೋಗುತ್ತದೆ. ದಿನಕ್ಕೊಂದು ಮಲಯಾಳ ಪತ್ರಿಕೆಯ ಒಂದು ಪುಟ, ಅದರೊಡನೆಯೇ ಒಂದು ಕನ್ನಡ ಪತ್ರಿಕೆಯ ಒಂದು ಪುಟ. ಅದೇ ಸುದ್ದಿಯನ್ನು ಎರಡರಲ್ಲಿಯೂ ಓದಿ ಹೊಸ ಮಾತುಗಳನ್ನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವುದು. ಅರ್ಧ ಗಂಟೆಯ ಈ ಅಭ್ಯಾಸವನ್ನು ಆರು ತಿಂಗಳು ನಡೆಸಿದವನಿಗೆ ಎರಡು ಭಾಷೆಗಳೂ ಕೈವಶವಾಗುತ್ತವೆ.

ಈ ಎರಡು ಭಾಷೆಗಳ ನಂಟು ಹಳೆಯದು. ಮಂಗಳೂರಿನ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗರು ೧೮೪೩ರಲ್ಲಿ ‘ಮಂಗಳೂರು ಸಮಾಚಾರ’ವೆಂಬ ಮೊದಲ ಕನ್ನಡ ಪತ್ರಿಕೆಯನ್ನು ಹೊರಡಿಸಿದರು. ಅದೇ ಮಿಶನ್ನಿನ ಹರ್ಮನ್ ಗುಂಡರ್ಟರು ೧೮೪೭ರಲ್ಲಿ ತಲಶ್ಶೇರಿಯ ಇಲ್ಲಿಕುನ್ನಿನಿಂದ ‘ರಾಜ್ಯಸಮಾಚಾರಂ’ ಎಂಬ ಮೊದಲ ಮಲಯಾಳ ಪತ್ರಿಕೆಯನ್ನು ಹೊರತಂದರು. ಗುಂಡರ್ಟರ ಮಲಯಾಳ ನಿಘಂಟು ೧೮೭೨ರಲ್ಲಿ ಅಚ್ಚಾದುದು ಮಂಗಳೂರಿನಲ್ಲಿಯೇ. ಕಿಟ್ಟೆಲ್‌ರ ಕನ್ನಡ ನಿಘಂಟು ೧೮೯೪ರಲ್ಲಿ ಅಲ್ಲಿಯೇ ಪ್ರಕಟವಾಯಿತು. ಮಂಗಳೂರಿಗೆ ಹೋಗುವ ವಿದ್ಯಾರ್ಥಿಯೂ ಕಣ್ಣೂರಿಗೆ ಹೋಗುವ ವಿದ್ಯಾರ್ಥಿಯೂ ಇದನ್ನು ತಿಳಿದಿದ್ದರೆ, ತಾವು ಪರಸ್ಥಳಕ್ಕೆ ಹೋದೆವೆಂಬ ಭಾವನೆ ಅವರಿಗೆ ಬಾರದು.

ಕಾಲೇಜಿನಲ್ಲಿ ಕನ್ನಡ ವಿಭಾಗವಿದ್ದರೆ ಭಾಷಾವಿಷಯವಾಗಿ ಕನ್ನಡವನ್ನೇ ತೆಗೆದುಕೊಳ್ಳಿರಿ ಎಂಬುದು ನಮ್ಮ ಸಲಹೆ. ಕೇರಳದ ಕಲಾ ಹಾಗೂ ವಿಜ್ಞಾನ ಕಾಲೇಜುಗಳಲ್ಲಿ ೨೦೨೪ರಿಂದ ನಾಲ್ಕು ವರ್ಷದ ಪದವಿಕ್ರಮವು ಜಾರಿಗೆ ಬಂದಿದೆ. ಮುಖ್ಯ ವಿಷಯದೊಡನೆ ಬೇರೆ ವಿಷಯಗಳನ್ನು ಆರಿಸುವ ಅವಕಾಶವು ಮೊದಲಿಗಿಂತ ಹೆಚ್ಚಾಗಿದೆ. ಆರಿಸುವವರು ಇದ್ದರೆ ತರಗತಿ ಇರುತ್ತದೆ. ಮಕ್ಕಳಿಲ್ಲದ ತರಗತಿಯನ್ನು ಯಾವ ಸಂಸ್ಥೆಯೂ ಬಹುಕಾಲ ನಡೆಸದು.

೪. ಗ್ರಂಥಾಲಯ

ಕೇರಳದಲ್ಲಿ ಓದುವವರಿಗೆ ದೊರೆಯುವ ದೊಡ್ಡ ಸೌಭಾಗ್ಯವೆಂದರೆ ಊರೂರಿನ ಗ್ರಂಥಾಲಯ. ಪಿ. ಎನ್. ಪಣಿಕ್ಕರರ ನೇತೃತ್ವದಲ್ಲಿ ೧೯೪೫ರಲ್ಲಿ ತಿರುವಿತಾಂಕೂರಿನಲ್ಲಿ ಹುಟ್ಟಿದ ಗ್ರಂಥಾಲಯ ಸಂಘವು ಮುಂದೆ ಇಡೀ ಕೇರಳಕ್ಕೆ ಹಬ್ಬಿ, ೧೯೭೫ರಲ್ಲಿ ಯುನೆಸ್ಕೋದ ಕ್ರುಪ್‌ಸ್ಕಾಯಾ ಪ್ರಶಸ್ತಿಯನ್ನು ಪಡೆಯಿತು. ೧೯೮೯ರ ಶಾಸನದ ಮೇರೆಗೆ ಈಗ ಅವು ರಾಜ್ಯ ಗ್ರಂಥಾಲಯ ಪರಿಷತ್ತಿನ ಆಶ್ರಯದಲ್ಲಿವೆ. ಪಣಿಕ್ಕರರು ತೀರಿಕೊಂಡ ಜೂನ್ ೧೯ನೆಯ ದಿನವನ್ನು ವಾಚನ ದಿನವಾಗಿ ಆಚರಿಸುತ್ತಾರೆ. ಕಾಲೇಜು ಆರಂಭವಾಗುವ ದಿನಗಳೂ ಅದರ ಆಸುಪಾಸಿನವೇ. ಆ ವಾರದಲ್ಲಿಯೇ ನಿಮ್ಮ ಮನೆಗೆ ಸಮೀಪದ ಗ್ರಂಥಾಲಯಕ್ಕೆ ಹೋಗಿ ಸದಸ್ಯರಾಗಿರಿ.

ಸದಸ್ಯನಾದ ಮೇಲೆ ಪುಸ್ತಕ ತರುವುದಷ್ಟೇ ಕೆಲಸವಲ್ಲ. ಅಲ್ಲಿ ಕನ್ನಡ ಪುಸ್ತಕಗಳೆಷ್ಟಿವೆ ಎಂದು ಎಣಿಸಿರಿ. ಇಲ್ಲದಿದ್ದರೆ ಬೇಕಾದ ಪುಸ್ತಕಗಳ ಹೆಸರನ್ನು ಬರೆದು ಕಾರ್ಯದರ್ಶಿಗಳಿಗೆ ವಿನಯಪೂರ್ವಕವಾಗಿ ಕೊಡಿರಿ. ನೀವು ಓದಿದ ಒಂದು ಕನ್ನಡ ಪುಸ್ತಕದ ಸಾರವನ್ನು ಮಲಯಾಳದಲ್ಲಿ ಹತ್ತು ನಿಮಿಷ ಹೇಳಲು ಅವಕಾಶ ಕೇಳಿರಿ. ಇಂಥ ಒಂದು ಸಭೆಯಿಂದ ನಿಮಗೆ ಊರಿನ ಅಧ್ಯಾಪಕರು, ಬೀಡಿ ಕಾರ್ಮಿಕರು, ಅಂಗಡಿಯವರು, ನಿವೃತ್ತ ನೌಕರರು ಹೀಗೆ ಇಪ್ಪತ್ತು ಜನರ ಪರಿಚಯವಾಗುತ್ತದೆ. ಒಂದು ಊರಿನಲ್ಲಿ ಇಪ್ಪತ್ತು ಜನರು ಹೆಸರು ಹಿಡಿದು ಕರೆಯುವಂತಾದ ಮೇಲೆ ಅವನು ಆ ಊರಿಗೆ ಹೊಸಬನಲ್ಲ.

೫. ಆಟ, ಕೂಟ, ತೆಯ್ಯಂ

ನಮ್ಮ ಪ್ರದೇಶದ ಕಲೆಗಳಿಗೆ ಋತುಮಾನವಿದೆ. ಮಲಯಾಳದ ತುಲಾ ಮಾಸದ ಹತ್ತನೆಯ ದಿನ, ಎಂದರೆ ಅಕ್ಟೋಬರ್ ತಿಂಗಳ ಕೊನೆಗೆ, ತೆಯ್ಯಂಗಳ ಕಾಲವು ಮೊದಲಾಗಿ ಮಳೆ ಬರುವ ತನಕ ನಡೆಯುತ್ತದೆ. ದೀಪಾವಳಿಯ ಆಚೆಗೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ, ಮೇ ತಿಂಗಳ ಕೊನೆಯ ಭಾಗದಲ್ಲಿ, ಗೆಜ್ಜೆ ಬಿಚ್ಚುತ್ತವೆ. ಮಳೆಗಾಲದಲ್ಲಿ ತಾಳಮದ್ದಳೆಯ ಕೂಟಗಳು ನಡೆಯುತ್ತವೆ. ಆಟಿಯಲ್ಲಿ ಕಳಂಜನು ಮನೆಮನೆಗೆ ಬರುತ್ತಾನೆ. ಈ ಪಂಚಾಂಗವನ್ನು ಕಾಲೇಜಿನ ಪರೀಕ್ಷೆಯ ವೇಳಾಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ, ಓದಿಗೆ ಭಂಗವಿಲ್ಲದೆ ವರ್ಷಕ್ಕೆ ನಾಲ್ಕಾರು ಸಂದರ್ಭಗಳನ್ನು ಆರಿಸಿಕೊಳ್ಳಬಹುದು.

ಯಕ್ಷಗಾನ ರಾಮಾಯಣ ಪ್ರಸಂಗಗಳ ಕರ್ತೃವೆಂದು ಪ್ರಸಿದ್ಧನಾದ ಪಾರ್ತಿಸುಬ್ಬನು ನಮ್ಮ ಕುಂಬಳೆಯವನು. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ಶಾಲೆಯಲ್ಲಿ ಬಣ್ಣ ಹಚ್ಚಿ ಬಹುಮಾನ ತಂದ ಮಕ್ಕಳು ಕಾಲೇಜಿಗೆ ಹೋದೊಡನೆ ಗೆಜ್ಜೆಯನ್ನು ಪೆಟ್ಟಿಗೆಗೆ ಹಾಕುವುದನ್ನು ಕಂಡು ನಮಗೆ ವ್ಯಥೆಯಾಗುತ್ತದೆ. ವೇಷ ಮಾಡಲು ವೇಳೆಯಿಲ್ಲದಿದ್ದರೆ ತಾಳಮದ್ದಳೆ ಇದೆ. ಅದಕ್ಕೆ ಬಣ್ಣ ಬೇಡ, ರಂಗಸ್ಥಳ ಬೇಡ. ಒಬ್ಬ ಭಾಗವತರು, ಮದ್ದಳೆ ಚೆಂಡೆಯವರು, ನಾಲ್ಕು ಜನ ಅರ್ಥಧಾರಿಗಳು ಇದ್ದರೆ ಸಾಕು. ಪದ್ಯದ ಅರ್ಥವನ್ನು ಆ ಕ್ಷಣದಲ್ಲಿಯೇ ತನ್ನ ಮಾತಿನಲ್ಲಿ ಕಟ್ಟಿ, ಎದುರಾಳಿಯ ಪ್ರಶ್ನೆಗೆ ಅಲ್ಲಿಯೇ ಉತ್ತರ ಕೊಡಬೇಕಾದ ಈ ಕಲೆಗಿಂತ ಉತ್ತಮವಾದ ವಾಕ್ಚಾತುರ್ಯದ ಶಾಲೆಯು ಬೇರೆಲ್ಲಿದೆ? ಕಾನೂನು ಓದುವವನಿಗೂ ಅಧ್ಯಾಪಕನಾಗುವವನಿಗೂ ಇದು ನೇರವಾಗಿ ಉಪಯೋಗಕ್ಕೆ ಬರುವ ವಿದ್ಯೆ. ಮೊದಲು ಕೇಳುಗನಾಗಿರಿ, ಬಳಿಕ ಸಣ್ಣ ಪಾತ್ರದ ಅರ್ಥ ಹೇಳಿರಿ.

ತೆಯ್ಯಂ ಅಥವಾ ಭೂತಾರಾಧನೆಯನ್ನು ನೋಡಲು ಹೋಗುವಾಗ ಒಂದು ಎಚ್ಚರಿಕೆ ಬೇಕು. ಅದು ನೋಟಕರಿಗಾಗಿ ನಡೆಯುವ ಪ್ರದರ್ಶನವಲ್ಲ. ಮನೆತನದವರ, ಊರವರ ಆರಾಧನೆ. ಯಜಮಾನರ ಅಪ್ಪಣೆಯಿಲ್ಲದೆ ಚಿತ್ರ ತೆಗೆಯಬಾರದು. ಕಟ್ಟುವವರ ಕೆಲಸಕ್ಕೆ ಅಡ್ಡ ನಿಲ್ಲಬಾರದು. ಮರುದಿನ ಅವರ ಮನೆಗೆ ಹೋಗಿ ಅಣಿ ಕಟ್ಟುವ ವಿಧಾನ, ಮುಖಕ್ಕೆ ಬಣ್ಣ ಬರೆಯುವ ಕ್ರಮ, ಪಾಡ್ದನ ಕಲಿತ ಬಗೆಗಳನ್ನು ಗೌರವದಿಂದ ಕೇಳಿದರೆ ಬಹಳ ಜನರು ಸಂತೋಷದಿಂದ ಹೇಳುತ್ತಾರೆ. ಈ ವಿದ್ಯೆಯನ್ನು ತಲೆತಲಾಂತರದಿಂದ ಉಳಿಸಿಕೊಂಡು ಬಂದವರು ಸಮಾಜದಲ್ಲಿ ಬಹುಕಾಲ ಕೆಳಗೆ ಕೂರಿಸಲ್ಪಟ್ಟವರು ಎಂಬುದನ್ನು ವಿದ್ಯಾವಂತನು ಮರೆಯಬಾರದು. ಕಲೆಯನ್ನು ಹೊಗಳಿ ಕಲಾವಿದನನ್ನು ಅಂಗಳದಲ್ಲಿಯೇ ನಿಲ್ಲಿಸುವುದು ಸಂಸ್ಕೃತಿಯ ಲಕ್ಷಣವಲ್ಲ.

೬. ಒಂದು ಮಾದರಿ ಅಭ್ಯಾಸ: ಸುರಂಗ

ಸಂಸ್ಕೃತಿಯೆಂದರೆ ಹಾಡು, ಕುಣಿತ ಮಾತ್ರವೆಂದು ತಿಳಿಯಬಾರದು. ನೆಲದಿಂದ ನೀರು ತೆಗೆಯುವ ಕ್ರಮವೂ ಸಂಸ್ಕೃತಿಯೇ. ನಮ್ಮ ಬಾಯಾರು, ಪೆರ್ಲ, ಬದಿಯಡ್ಕಗಳ ಕಡೆಯ ಗುಡ್ಡಗಳಲ್ಲಿರುವ ಸುರಂಗಗಳನ್ನು ವಿದ್ಯಾರ್ಥಿಗಳು ಅಭ್ಯಾಸ ಮಾಡಬೇಕೆಂದು ನಾವು ವಿಶೇಷವಾಗಿ ಸೂಚಿಸುತ್ತೇವೆ.

ಬಾವಿಯನ್ನು ಕೆಳಕ್ಕೆ ತೋಡುತ್ತಾರೆ. ಸುರಂಗವನ್ನು ಗುಡ್ಡದ ಮಗ್ಗುಲಿನಿಂದ ಅಡ್ಡಕ್ಕೆ ಕೊರೆಯುತ್ತಾರೆ. ಒಬ್ಬ ಮನುಷ್ಯನು ಪಿಕ್ಕಾಸು ಹಿಡಿದು ನಿಂತು ಕೆಲಸ ಮಾಡುವಷ್ಟು ಎತ್ತರ, ಅವನ ಮೈ ಹೊಗುವಷ್ಟು ಅಗಲ. ಮುರಕಲ್ಲಿನ ಪದರದೊಳಗೆ ಇಂಗಿದ ಮಳೆನೀರು ಗೋಡೆಗಳಿಂದ ಒಸರಿ, ನೆಲದ ಇಳಿಜಾರಿನಲ್ಲಿ ತಾನಾಗಿಯೇ ಹೊರಕ್ಕೆ ಹರಿದು ಕೆರೆಯಲ್ಲಿ ತುಂಬುತ್ತದೆ. ಅಲ್ಲಿಂದ ಮನೆಗೂ ಅಡಕೆ ತೋಟಕ್ಕೂ ಹೋಗುತ್ತದೆ. ನೀರೆತ್ತಲು ಎತ್ತೂ ಬೇಡ, ಪಂಪೂ ಬೇಡ, ವಿದ್ಯುತ್ತೂ ಬೇಡ. ಕೆಲವು ಸುರಂಗಗಳು ಹತ್ತಾರು ಮೀಟರು ಉದ್ದ. ಕೆಲವು ನೂರು ಮೀಟರನ್ನೂ ಮೀರುತ್ತವೆ. ಉದ್ದ ಸುರಂಗಗಳಲ್ಲಿ ಗಾಳಿಗಾಗಿ ಮೇಲಿನಿಂದ ಕಂಡಿ ಬಿಡುವುದೂ ಉಂಟು. ಕೊರೆಯುವವರು ಕಲ್ಲಿನ ಬಣ್ಣ, ಗಿಡಮರಗಳ ಜಾತಿ, ಮಣ್ಣಿನ ತೇವಗಳನ್ನು ನೋಡಿ ಸ್ಥಳ ಗುರುತಿಸುತ್ತಿದ್ದರು. ಈಗ ಕೊಳವೆಬಾವಿಯ ಯಂತ್ರವು ಒಂದೇ ದಿನದಲ್ಲಿ ಕೆಲಸ ಮುಗಿಸುವುದರಿಂದ ಸುರಂಗ ಕೊರೆಯುವವರು ಕಡಿಮೆಯಾಗಿದ್ದಾರೆ. ಬಲ್ಲವರು ಬಹುಮಟ್ಟಿಗೆ ವೃದ್ಧರು. ಅವರು ತೀರಿಕೊಂಡರೆ ಆ ತಿಳುವಳಿಕೆಯೂ ಅವರೊಡನೆ ಹೋಗುತ್ತದೆ.

ಭೂಗೋಲ ಓದುವವನು ಸುರಂಗವಿರುವ ಗುಡ್ಡದ ನಕ್ಷೆ ಬರೆಯಲಿ. ವಿಜ್ಞಾನದವನು ಒಂದು ಕೊಡ ತುಂಬಲು ಎಷ್ಟು ನಿಮಿಷ ಬೇಕೆಂದು ಡಿಸೆಂಬರಿನಲ್ಲೊಮ್ಮೆ, ಏಪ್ರಿಲಿನಲ್ಲೊಮ್ಮೆ ಅಳೆದು ಹೋಲಿಸಲಿ. ವಾಣಿಜ್ಯದವನು ಸುರಂಗಕ್ಕೂ ಕೊಳವೆಬಾವಿಗೂ ತಗಲುವ ವೆಚ್ಚವನ್ನು ಇಪ್ಪತ್ತು ವರ್ಷಕ್ಕೆ ಲೆಕ್ಕ ಹಾಕಲಿ. ಭಾಷೆ ಓದುವವನು ಕೆಲಸದವರು ಬಳಸುವ ತುಳು, ಕನ್ನಡ, ಮಲಯಾಳ ಪದಗಳನ್ನು ಸಂಗ್ರಹಿಸಲಿ. ಅವರು ಅಳತೆಗೆ ಹೇಳುವ ‘ಕೋಲು’ ಎಷ್ಟು ಅಡಿಯೆಂದು ಕೇಳಿ ಬರೆದುಕೊಳ್ಳಲಿ. ಹಿರಿಯರ ಜತೆಯಿಲ್ಲದೆ ಸುರಂಗದ ಒಳಕ್ಕೆ ಯಾರೂ ಹೋಗಕೂಡದು. ಅಲ್ಲಿ ಗಾಳಿ ಕಡಿಮೆ, ಮಣ್ಣು ಜಾರುವ ಭಯ ಉಂಟು. ಅಳತೆ, ಮಾತುಕತೆ ಎರಡೂ ಹೊರಗಿನಿಂದಲೇ ಸಾಗುತ್ತವೆ. ಇದೇ ರೀತಿಯಲ್ಲಿ ತೋಡಿಗೆ ವರ್ಷವರ್ಷವೂ ಊರವರು ಕೂಡಿ ಕಟ್ಟುವ ಕಟ್ಟಗಳನ್ನೂ, ಮಳೆನೀರು ನಿಲ್ಲಿಸುವ ಮದಕಗಳನ್ನೂ ಅಭ್ಯಾಸ ಮಾಡಬಹುದು. ಕಟ್ಟ ಕಟ್ಟುವ ದಿನ ನೀವೂ ಕಲ್ಲು ಹೊತ್ತರೆ ಅಭ್ಯಾಸದೊಡನೆ ಸೇವೆಯೂ ಆಯಿತು.

೭. ಗ್ರಾಮಸಭೆಯೂ ಸೇವೆಯೂ

ಕಾಲೇಜಿನ ಮೊದಲ ವರ್ಷವು ಹೆಚ್ಚಿನವರಿಗೆ ಹದಿನೆಂಟು ತುಂಬುವ ವರ್ಷವೂ ಹೌದು. ೧೯೮೯ರಿಂದ ನಮ್ಮ ದೇಶದಲ್ಲಿ ಹದಿನೆಂಟು ವರ್ಷಕ್ಕೇ ಮತದಾನದ ಹಕ್ಕು ದೊರೆಯುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರು ಬಂದೊಡನೆ ನೀವು ನಿಮ್ಮ ವಾರ್ಡಿನ ಗ್ರಾಮಸಭೆಯ ಸದಸ್ಯರಾಗುತ್ತೀರಿ. ೧೯೯೪ರ ಕೇರಳ ಪಂಚಾಯತ್ ರಾಜ್ ಶಾಸನದ ಪ್ರಕಾರ ಈ ಸಭೆಯು ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ರಸ್ತೆ, ಕುಡಿಯುವ ನೀರು, ಮನೆ ಕಟ್ಟುವ ಸಹಾಯ, ಶಾಲೆಯ ದುರಸ್ತಿ ಮುಂತಾದವುಗಳ ಮಾತು ಅಲ್ಲಿ ಬರುತ್ತದೆ. ಆದರೆ ಅಲ್ಲಿ ತರುಣರನ್ನು ಕಾಣುವುದು ಅಪೂರ್ವ. ಒಮ್ಮೆ ಹೋಗಿ ಹಿಂದೆ ಕುಳಿತು ಕೇಳಿರಿ. ಎರಡನೆಯ ಬಾರಿ, ಮಲಯಾಳದಲ್ಲಿ ಬಂದ ಅರ್ಜಿ ನಮೂನೆಯನ್ನು ಓದಲಾರದ ಅಜ್ಜಿಯೊಬ್ಬರಿಗೆ ತುಂಬಿ ಕೊಡಿರಿ. ಇದಕ್ಕಿಂತ ದೊಡ್ಡ ಸಮಾಜಸೇವೆ ಮೊದಲ ವರ್ಷದಲ್ಲಿ ಬೇಡ.

ಇಲ್ಲಿ ಒಂದು ಮುಖ್ಯ ವಿಷಯವನ್ನು ಹೇಳದೆ ನಿರ್ವಾಹವಿಲ್ಲ. ತನ್ನ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಸಲ್ಲಿಸುವ ಹಕ್ಕನ್ನು ಸಂವಿಧಾನದ ೩೫೦ನೆಯ ವಿಧಿಯು ಪ್ರತಿಯೊಬ್ಬನಿಗೂ ಕೊಟ್ಟಿದೆ. ಕೇರಳದ ೧೯೬೯ರ ಅಧಿಕೃತ ಭಾಷಾ ಶಾಸನವು ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ ಅವಕಾಶವನ್ನು ಕಲ್ಪಿಸಿತು. ಆದರೆ ಹಕ್ಕು ಎಂಬುದು ಗದ್ದೆಯಿದ್ದಂತೆ. ಉಳದೆ ಬಿಟ್ಟರೆ ಹುಲ್ಲು ಬೆಳೆಯುತ್ತದೆ. ಕನ್ನಡದಲ್ಲಿ ಶುದ್ಧವಾಗಿ ಒಂದು ಅರ್ಜಿಯನ್ನು ಬರೆಯಬಲ್ಲ ತರುಣರು ಊರಿಗೆ ನಾಲ್ಕು ಜನರಾದರೂ ಇಲ್ಲದಿದ್ದರೆ ಕಾಗದದ ಮೇಲಿನ ಹಕ್ಕಿನಿಂದ ಏನು ಫಲ? ಕನ್ನಡದಲ್ಲಿ ಬರೆಯಬಲ್ಲವನೂ, ಅದೇ ವಿಷಯವನ್ನು ಕಚೇರಿಯಲ್ಲಿ ಮಲಯಾಳದಲ್ಲಿ ವಿವರಿಸಬಲ್ಲವನೂ ಒಬ್ಬನೇ ಆಗಿದ್ದರೆ ಅವನು ಊರಿಗೆ ಒಂದು ಸೇತುವೆಯಂತೆ. ನಮ್ಮ ಶಾಲೆಯ ಮಕ್ಕಳು ಅಂಥವರಾಗಬೇಕೆಂಬುದು ನಮ್ಮ ಹಾರೈಕೆ.

ಕಾಲೇಜಿನಲ್ಲಿರುವ ರಾಷ್ಟ್ರೀಯ ಸೇವಾ ಯೋಜನೆಗೂ ಸೇರಬಹುದು. ಗಾಂಧಿ ಶತಾಬ್ದದ ವರ್ಷವಾದ ೧೯೬೯ರ ಸೆಪ್ಟೆಂಬರ್ ೨೪ರಂದು ೩೭ ವಿಶ್ವವಿದ್ಯಾಲಯಗಳಲ್ಲಿ ಇದು ಪ್ರಾರಂಭವಾಯಿತು. ಎರಡು ವರ್ಷಗಳಲ್ಲಿ ೨೪೦ ಗಂಟೆಗಳ ಸೇವೆ, ಏಳು ದಿನಗಳ ಒಂದು ಶಿಬಿರ ಇದರ ವಾಡಿಕೆಯ ಕ್ರಮ. ಶಿಬಿರದಲ್ಲಿ ಬೇರೆ ಬೇರೆ ಭಾಷೆ, ಮತಗಳ ಮಕ್ಕಳು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ, ಒಂದೇ ಬುಟ್ಟಿಯಲ್ಲಿ ಮಣ್ಣು ಹೊರುತ್ತಾರೆ. ಏಳು ದಿನಗಳ ಆ ಸಹವಾಸವು ಒಂದು ವರ್ಷದ ಅಳುಕನ್ನು ಕಳೆಯುವುದನ್ನು ನಾವು ಕಂಡಿದ್ದೇವೆ.

೮. ನೆರೆಯ ಸ್ಥಳಗಳು

ವಾರದ ರಜೆಯಲ್ಲಿ ಒಂದೊಂದು ಸ್ಥಳವನ್ನು ನೋಡುವ ಕ್ರಮವನ್ನಿಟ್ಟುಕೊಳ್ಳಿರಿ. ಕೆಳದಿಯ ನಾಯಕರು ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದ ಬೇಕಲದ ಕೋಟೆ, ಮಧುವಾಹಿನಿಯ ದಡದ ಮಧೂರು ದೇವಾಲಯ, ತಳಂಗರೆಯ ಮಾಲಿಕ್ ದೀನಾರ್ ಮಸೀದಿ, ಬೇಳದ ಇಗರ್ಜಿ, ಮಂಜೇಶ್ವರದ ಬಂಗ್ರದಲ್ಲಿರುವ ಜೈನ ಬಸದಿ, ಗೋವಿಂದ ಪೈಗಳ ಮನೆಯಾದ ‘ಗಿಳಿವಿಂಡು’ ಇವೆಲ್ಲವೂ ಒಂದು ದಿನದಲ್ಲಿ ಹೋಗಿ ಬರುವಷ್ಟು ಹತ್ತಿರ. ಎಡನೀರು ಮಠವು ಯಕ್ಷಗಾನಕ್ಕೆ ಆಶ್ರಯ ಕೊಟ್ಟ ಸ್ಥಳವೆಂದು ಎಲ್ಲರಿಗೂ ಗೊತ್ತು. ಆ ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣಾ ಶಾಸನದ ವಿಷಯದಲ್ಲಿ ಹೂಡಿದ ದಾವೆಯಲ್ಲಿಯೇ ಸುಪ್ರೀಂ ಕೋರ್ಟಿನ ಹದಿಮೂರು ನ್ಯಾಯಾಧೀಶರು ೧೯೭೩ರ ಏಪ್ರಿಲ್ ೨೪ರಂದು ತೀರ್ಪಿತ್ತು, ಪಾರ್ಲಿಮೆಂಟು ಸಂವಿಧಾನವನ್ನು ತಿದ್ದಬಹುದಾದರೂ ಅದರ ಮೂಲ ಸ್ವರೂಪವನ್ನು ಕೆಡಿಸಲಾಗದು ಎಂದು ಸಾರಿದರು. ದಿಲ್ಲಿಯ ಕಾನೂನು ಕಾಲೇಜಿನಲ್ಲಿಯೂ ಓದಿಸುವ ಈ ಪಾಠದ ಮೂಲವು ನಮ್ಮ ಬಸ್ಸು ಹಾದುಹೋಗುವ ದಾರಿಯಲ್ಲಿದೆ. ರಾಜ್ಯಶಾಸ್ತ್ರವನ್ನು ಓದುವ ನಮ್ಮ ವಿದ್ಯಾರ್ಥಿಯು ತರಗತಿಯಲ್ಲಿ ಈ ವಿಷಯ ಬಂದಾಗ ಸುಮ್ಮನೆ ಕುಳಿತಿರಬೇಕೇನು?

೯. ಹೆತ್ತವರಲ್ಲಿ ಒಂದು ವಿಜ್ಞಾಪನೆ

ಹೆತ್ತವರಿಗೆ ಈ ವಿಷಯದಲ್ಲಿ ಮೂರು ಸಂದೇಹಗಳಿರುವುದನ್ನು ನಾವು ಬಲ್ಲೆವು. ಮೊದಲನೆಯದು, ಅಂಕಗಳು ಕಡಿಮೆಯಾದಾವೆಂಬುದು. ವಾರಕ್ಕೆ ಮೂರು ಗಂಟೆಗಳನ್ನು ಊರಿನ ಕೆಲಸಕ್ಕೆ ಕೊಟ್ಟವನ ಅಂಕಗಳು ಕಡಿಮೆಯಾಗುವುದಿಲ್ಲ. ದಿನಕ್ಕೆ ಮೂರು ಗಂಟೆ ಮೊಬೈಲಿಗೆ ಕೊಟ್ಟವನವು ಕಡಿಮೆಯಾಗುತ್ತವೆ. ಎರಡನೆಯದು, ಮಗನು ಕೆಟ್ಟ ಸಹವಾಸಕ್ಕೆ ಬಿದ್ದಾನೆಂಬುದು. ಗ್ರಂಥಾಲಯ, ತಾಳಮದ್ದಳೆ, ಗ್ರಾಮಸಭೆಗಳು ಹಿರಿಯರ ಕಣ್ಣೆದುರಿಗೆ ನಡೆಯುವಂಥವು. ಯಾರೂ ಗುರುತಿಸದ ಊರಿನಲ್ಲಿ ಒಬ್ಬನೇ ತಿರುಗುವವನಿಗೇ ಅಪಾಯ ಹೆಚ್ಚು. ಮೂರನೆಯದು ಹೆಣ್ಣುಮಕ್ಕಳ ವಿಷಯ. ಮಗಳನ್ನು ಕಾಲೇಜಿಗೆ ಕಳುಹಿಸಿ, ಊರಿನ ಸಭೆಗೆ ಮಾತ್ರ ಬೇಡವೆನ್ನುವುದು ಯಾವ ನ್ಯಾಯ? ಸಾರಾ ಅಬೂಬಕ್ಕರರು ಓದಿದ ಕಾಲದಲ್ಲಿ ಆ ಸಮಾಜದ ಹೆಣ್ಣುಮಗಳು ಹೈಸ್ಕೂಲಿಗೆ ಹೋಗುವುದೇ ಅಪೂರ್ವವಾಗಿತ್ತು. ಆಕೆಯನ್ನು ಶಾಲೆಗೆ ಕಳುಹಿಸಿದ ತಂದೆಗೆ ಕನ್ನಡವು ಋಣಿ. ಸಂಜೆಯ ಹೊತ್ತಿನ ಬಸ್ಸಿನ ತೊಂದರೆಯಿದ್ದರೆ ಹಗಲಿನ ಸಭೆಗಳಿಗೆ ಹೋಗಲಿ. ಇಬ್ಬರು ಮೂವರು ಕೂಡಿ ಹೋಗಲಿ. ತಾಯಿಯೂ ಜತೆಗೆ ಹೋದರೆ ಇನ್ನೂ ಲೇಸು.

ಹೆತ್ತವರು ಮಾಡಬೇಕಾದ ಇನ್ನೊಂದು ಕೆಲಸವಿದೆ. ಸಂಜೆ ಮಗನು ಬಂದೊಡನೆ ‘ಇವತ್ತು ಯಾವ ಪಾಠ ಆಯಿತು?’ ಎಂದು ಕೇಳುವಂತೆಯೇ ವಾರಕ್ಕೊಮ್ಮೆ ‘ಈ ವಾರ ಯಾರನ್ನು ಹೊಸದಾಗಿ ಪರಿಚಯ ಮಾಡಿಕೊಂಡೆ?’ ಎಂದೂ ಕೇಳಿರಿ. ನಿಮ್ಮ ಮನೆಯ ಅಜ್ಜ ಅಜ್ಜಿಯರಿಗೆ ತಿಳಿದಿರುವ ಊರಿನ ಕತೆಯನ್ನು ಕೇಳಿ ಬರೆದಿಡುವಂತೆ ಹೇಳಿರಿ. ಮೊದಲ ಪಾಠಶಾಲೆಯು ಮನೆಯ ಚಾವಡಿಯೇ.

೧೦. ವರ್ಷದ ಅಭ್ಯಾಸಗಳು

ಮೇಲಿನ ವಿಷಯಗಳನ್ನು ಅನುಸರಿಸಿ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಹತ್ತು ಅಭ್ಯಾಸಗಳನ್ನು ಕೊಡುತ್ತೇವೆ. ಎಲ್ಲವನ್ನೂ ಮಾಡಬೇಕೆಂದಿಲ್ಲ, ಐದನ್ನಾದರೂ ಬಿಡದೆ ಮಾಡಿರಿ.

(೧) ಜೂನ್ ಅಥವಾ ಜುಲೈ ತಿಂಗಳಿನಲ್ಲಿ ಒಂದು ಗ್ರಂಥಾಲಯದ ಸದಸ್ಯರಾಗಿರಿ.
(೨) ಪ್ರತಿದಿನವೂ ಒಂದು ಸುದ್ದಿಯನ್ನು ಎರಡು ಭಾಷೆಗಳಲ್ಲಿ ಓದಿ ಐದು ಹೊಸ ಪದಗಳನ್ನು ಬರೆಯಿರಿ.
(೩) ಮಳೆಗಾಲದಲ್ಲಿ ಒಂದು ತಾಳಮದ್ದಳೆಯನ್ನು ಪೂರ್ತಿ ಕೇಳಿ, ಒಂದು ಪಾತ್ರದ ವಾದವನ್ನು ಒಂದು ಪುಟದಲ್ಲಿ ಸಂಗ್ರಹಿಸಿರಿ.
(೪) ಓಣಂ ರಜೆಯಲ್ಲಿ ಬೇರೆ ಭಾಷೆಯ ಸಹಪಾಠಿಯೊಬ್ಬರ ಮನೆಗೆ ಹೋಗಿರಿ. ಅವರನ್ನು ನಿಮ್ಮ ಮನೆಯ ಹಬ್ಬಕ್ಕೆ ಕರೆಯಿರಿ.
(೫) ನಿಮ್ಮ ಊರಿನ ಎಪ್ಪತ್ತು ದಾಟಿದ ಒಬ್ಬ ಹಿರಿಯರಿಂದ ೧೯೫೬ರ ಆಚೀಚಿನ ಊರಿನ ಸ್ಥಿತಿಯ ಬಗ್ಗೆ ಅವರು ಕಂಡುದನ್ನೂ ಕೇಳಿದುದನ್ನೂ ಬರೆದುಕೊಳ್ಳಿರಿ.
(೬) ಒಂದು ಸುರಂಗ, ಕಟ್ಟ ಅಥವಾ ಮದಕದ ನೀರನ್ನು ಎರಡು ಋತುಗಳಲ್ಲಿ ಅಳೆಯಿರಿ.
(೭) ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿ ಒಂದು ಗ್ರಾಮಸಭೆಗೆ ಹೋಗಿರಿ.
(೮) ಒಬ್ಬರಿಗೆ ಕನ್ನಡದಲ್ಲಿ ಒಂದು ಅರ್ಜಿಯನ್ನು ಬರೆದುಕೊಟ್ಟು, ಅದಕ್ಕೆ ಬಂದ ಉತ್ತರವನ್ನು ನೋಡಿರಿ.
(೯) ಹತ್ತಿರದ ಒಂದು ಚಾರಿತ್ರಿಕ ಸ್ಥಳವನ್ನು ನೋಡಿ ಎರಡು ಪುಟದ ವರದಿ ಬರೆಯಿರಿ.
(೧೦) ವರ್ಷದ ಕೊನೆಗೆ ನಮ್ಮ ಶಾಲೆಗೆ ಬಂದು ಹತ್ತನೆಯ ತರಗತಿಯ ಮಕ್ಕಳಿಗೆ ನೀವು ಕಂಡುದನ್ನು ಅರ್ಧ ಗಂಟೆ ಹೇಳಿರಿ.

ಕೊನೆಯ ಅಭ್ಯಾಸವು ನಮಗೆ ಎಲ್ಲಕ್ಕಿಂತ ಪ್ರಿಯವಾದುದು. ಊರವರು ಪಿಡಿಯಕ್ಕಿ, ಅಡಕೆ ತೆಂಗುಗಳ ಲಾಭದ ಒಂದು ಪಾಲು, ಶ್ರಮದಾನ ಇವುಗಳಿಂದ ಬೆಳೆಸಿದ ಇಂಥ ಶಾಲೆಗಳು ಗಡಿಯ ಈಚೆ ಉಳಿದಿರುವುದು ಯಾರೋ ಬಂದು ಕಾಪಾಡಿದರೆಂದಲ್ಲ. ಓದಿ ಹೋದವರಲ್ಲಿ ಕೆಲವರು ಮರಳಿ ಬಂದು ಕೈಯಿಟ್ಟರೆಂದು. ಇಂದು ಒಂದನೆಯ ತರಗತಿಗೆ ಸೇರುವ ಮಕ್ಕಳ ಸಂಖ್ಯೆ ಎಷ್ಟೆಂದು ಎಣಿಸುವಾಗ ನಮ್ಮ ಸಂಘದ ಹಿರಿಯರ ಮುಖದಲ್ಲಿ ಕಾಣುವ ಚಿಂತೆಯನ್ನು ಮಕ್ಕಳೂ ನೋಡಿದ್ದಾರೆ. ಆ ಚಿಂತೆಗೆ ಭಾಷಣವು ಪರಿಹಾರವಲ್ಲ. ಕನ್ನಡ ಶಾಲೆಯಲ್ಲಿ ಓದಿದವರು ಕಾಲೇಜಿನಲ್ಲಿಯೂ ಊರಿನಲ್ಲಿಯೂ ತಲೆಯೆತ್ತಿ ನಡೆಯುವುದನ್ನು ನೆರೆಮನೆಯ ತಾಯಿಯು ಕಂಡರೆ, ಮುಂದಿನ ಜೂನಿನಲ್ಲಿ ಆಕೆ ತನ್ನ ಮಗುವಿನ ಕೈಹಿಡಿದು ಇಲ್ಲಿಗೇ ಬರುತ್ತಾಳೆ.

ಅಭ್ಯಾಸಗಳನ್ನು ಬರೆದ ಪುಸ್ತಕಗಳನ್ನು ಶಾಲೆಯ ಕಚೇರಿಯಲ್ಲಿ ಕೊಟ್ಟರೆ, ಅವುಗಳಲ್ಲಿ ಉತ್ತಮವಾದವುಗಳನ್ನು ಮುಂದಿನ ವಾರ್ಷಿಕ ಸಂಚಿಕೆಯಲ್ಲಿ ಅಚ್ಚು ಹಾಕಿಸುವೆವು.